ಕೇಳುವವಳು

ತಿಂಗಳ ಎರಡನೇ ಮಂಗಳವಾರ, ಸಂಜೆ ಏಳಕ್ಕೆ,
ಈರಿ ಸರೋವರದ ಗಾಳಿ
ನನಗಿಂತ ಮೊದಲೇ ಬಾಗಿಲು ತಳ್ಳುತ್ತದೆ.
ಪುರಸಭೆಯ ನೆಲಮಾಳಿಗೆ. ಮಡಚುವ ಕುರ್ಚಿ ನಲವತ್ತು.
ಕೂತವರು ನಾನು,
ಮತ್ತೆ ಹೀಟರಿನ ಪಕ್ಕ ಬೆಚ್ಚಗಾಗಲು ಬಂದ ಒಬ್ಬ ಮುದುಕ.
ಎಣಿಸಲೋ ಬೇಡವೋ?
ಎಣಿಸಿದೆ. ಅವನೂ ಸಾರ್ವಜನಿಕ.

ಎದೆಯ ಮೇಲೆ ಬಿಲ್ಲೆ: ವೀಕ್ಷಕಿ.
ಕೊಟ್ಟ ಹುಡುಗಿ ಲೈಬ್ರರಿಯಲ್ಲಿ, ಬಿಸ್ಕತ್ತು ಮುರಿಯುತ್ತ,
ನಿಯಮ ಹೇಳಿದ್ದಳು:
ತಲೆದೂಗಬೇಡಿ. ಚಪ್ಪಾಳೆ ಬೇಡ.
ನಿಟ್ಟುಸಿರು, ಆದಷ್ಟು ಮಟ್ಟಿಗೆ, ಬೇಡ.
ಕಂಡದ್ದನ್ನು ಕಂಡ ಹಾಗೆ ಬರೆಯಿರಿ.
ಕೇಳಬಹುದು, ಆದರೆ
ಕೇಳುವಂತಿಲ್ಲ.
ಒಂದೇ ಮಾತಿಗೆ ಎರಡು ಬಾಗಿಲು,
ಒಂದಕ್ಕೆ ಬೀಗ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು,
ಅಗಲ ಕನ್ನಡಿಯಲ್ಲಿ ಹಿಂದಿನ ಸೀಟು ನೋಡುತ್ತ
ಮುಂದಿನ ದಾರಿ ತಪ್ಪದ ಹಾಗೆ.
ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರೆ
ಮುಂದಿನ ಸ್ಟಾಪಿನೊಳಗೆ ಯಾರು ಅಳುತ್ತಾರೆ, ಗೊತ್ತಿತ್ತು.
ಈಗ ಅಧ್ಯಕ್ಷರ ಕುರ್ಚಿಯಲ್ಲಿರುವ ಗೋರ್ಡಿ ಟೆಶ್
ಆಗ ಹನ್ನೊಂದನೇ ಸೀಟಿನಡಿ ಚೂಯಿಂಗ್ ಗಮ್ ಅಂಟಿಸುತ್ತಿದ್ದ.
ಬರೆಯಲಿಲ್ಲ.
ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ.

ಮೊದಲ ವರ್ಷದ ಪುಸ್ತಕದಲ್ಲಿ
ಚರಂಡಿ. ಚರಂಡಿ. ಮರದ ಕೊಂಬೆ, ಮುಂದೂಡಿದೆ.
ಪೊಲೀಸ್ ಕಾರಿನ ಟೈರು: ಆರು ಮತ ಪರ, ಒಬ್ಬರು ಗೈರು.
ಚರಂಡಿ.
ಗಂಡ ಇದ್ದಿದ್ದರೆ ನಗುತ್ತಿದ್ದ,
ಇದಕ್ಕೆ ಸಂಬಳವೂ ಇಲ್ಲವಲ್ಲೇ?
ಇಲ್ಲ. ಕಾಫಿ ಇದೆ, ಅದೂ ಸದಸ್ಯರಿಗೆ.

ನವೆಂಬರ್. ವಿಷಯ ಒಂಬತ್ತು.
ನೀರಿನ ಬಾಕಿ, ಸಂಪರ್ಕ ಕಡಿತ, ಪಟ್ಟಿ ಒಟ್ಟಿಗೇ ಅಂಗೀಕಾರಕ್ಕೆ.
ಎದ್ದು ಬಂದ ಒಬ್ಬ. ಬೇಕರಿಯ ಏಪ್ರನ್ ಇನ್ನೂ ಸೊಂಟದಲ್ಲೇ,
ಹಿಡಿದ ಕಾಗದಕ್ಕೆಲ್ಲ ಹಿಟ್ಟಿನ ಬೆರಳು.
ಮೂರು ನಿಮಿಷ. ಮೇಜಿನ ಮೇಲೆ
ಮೊಟ್ಟೆ ಬೇಯಿಸಲು ಇಡುವಂಥ ಗಡಿಯಾರ.
ಮೊದಲ ನಿಮಿಷ ಕ್ಷಮೆ ಕೇಳುವುದರಲ್ಲಿ ಹೋಯಿತು.
ಎರಡನೆಯದು ಬಿಲ್ಲಿನ ಮಡಿಕೆ ಬಿಚ್ಚುವುದರಲ್ಲಿ.
ಮೂರನೆಯದರಲ್ಲಿ ಶುರುಮಾಡಿದ:
ಮೀಟರು ಪಕ್ಕದ ಮನೆಯದು, ನನ್ನದಲ್ಲ,
ಆ ಮನೆ ಎರಡು ವರ್ಷದಿಂದ ಖಾಲಿ, ಪೈಪು ಒಡೆದು
ಟ್ರಿಣ್.

ಮೈಕು ಸತ್ತಿತು. ತುಟಿ ಸಾಯಲಿಲ್ಲ.
ಗೋರ್ಡಿ ಹಾಳೆ ತಿರುವಿದ.
ಹಿಂದಿನ ಸೀಟಿಗೆ ಕೇಳುವಂತೆ ಕೂಗುತ್ತಿದ್ದ ಆ ಹಳೇ ದನಿ
ಗಂಟಲಿಗೆ ಬಂದು ನಿಂತಿತ್ತು. ನುಂಗಿದೆ. ಬರೆದೆ:
೭.೪೨. ಮೈಕ್ ಬಂದ್. ವ್ಯಕ್ತಿ ಇನ್ನೂ ಮಾತಾಡುತ್ತಿದ್ದಾರೆ.
೭.೪೩. ಇನ್ನೂ ಮಾತಾಡುತ್ತಿದ್ದಾರೆ.
ಎದ್ದು ಮೊದಲ ಸಾಲಿಗೆ ಬಂದು ಕೂತೆ.
ಕುರ್ಚಿ ಬದಲಿಸಬಾರದೆಂಬ ನಿಯಮವಿಲ್ಲ.

ಸಭೆ ಮುಗಿದ ಮೇಲೆ, ಬಿಲ್ಲೆ ಬಿಚ್ಚಿ ಜೇಬಿಗಿಟ್ಟು,
ಕೋಟಿಗೆ ಕೈ ತೂರಿಸುತ್ತಿದ್ದವನನ್ನು ಕೇಳಿದೆ:
ನಿಮ್ಮ ಹೆಸರಿನ ಕಾಗುಣಿತ?
ಹೆದರಿದ, ಇದೂ ಒಂದು ಬಿಲ್ಲೇನೋ ಅಂತ.
ಆಮೇಲೆ ಗಾಜಿನ ಲೋಟ ಇಳಿಸಿಡುವ ಹಾಗೆ
ಒಂದೊಂದೇ ಅಕ್ಷರ ಇಟ್ಟ:
ತಿಬೋರ್. ತಿಬೋರ್ ಸೆಕೆರೆಶ್.
ಎಸ್ ಆದ ಮೇಲೆ ಒಂದು ಝಡ್ ಇದೆ, ಅಮ್ಮ,
ಕೇಳಿಸುವುದಿಲ್ಲ,
ಆದರೆ ಬರೆಯಬೇಕು.

ಎರಡು ವಾರಕ್ಕೆ ಅಧಿಕೃತ ನಡಾವಳಿ ಬಂತು:
ನಾಗರಿಕರೊಬ್ಬರು ನೀರಿನ ಕುರಿತು ಮಾತಾಡಿದರು.
ವಿಷಯ ಒಂಬತ್ತು ಅಂಗೀಕೃತ.
ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ಸಾಲು,
ಮೀಟರಿನ ಸಂಖ್ಯೆ,
ಆ ಝಡ್.

ಅವನ ಮನೆಗೆ ನೀರು ಬಂತೋ ಇಲ್ಲವೋ ತಿಳಿಯದು.
ಇಷ್ಟು ಮಾತ್ರ ಬರೆದಿದ್ದೇನೆ:
ಡಿಸೆಂಬರಿನಲ್ಲಿ ಇನ್ನೊಬ್ಬಳು ಮಾತಾಡುತ್ತಿದ್ದಾಗ
ಗಡಿಯಾರ ಟ್ರಿಣ್ ಎಂದಿತು, ಗೋರ್ಡಿಯ ಕೈ ಮೈಕಿನ ಗುಂಡಿಗೆ ಹೋಗಿ
ಅಲ್ಲೇ ನಿಂತಿತು, ಕಣ್ಣು ಮೊದಲ ಸಾಲಿಗೆ ಬಂತು,
ಕನ್ನಡಿಯಲ್ಲಿ ನನ್ನ ಕಣ್ಣು ಸಿಕ್ಕಾಗ
ಗಮ್ ನುಂಗಿಬಿಡುತ್ತಿದ್ದನಲ್ಲ, ಹಾಗೆ.
ಅವಳಿಗೆ ನಲವತ್ತು ಸೆಕೆಂಡು ಹೆಚ್ಚು ಸಿಕ್ಕಿತು.

ಹೇಳುವವರಿಲ್ಲ ಕೇಳುವವರಿಲ್ಲ ಅನ್ನುತ್ತಾರೆ ಈ ಊರನ್ನು.
ಅರ್ಧ ಸುಳ್ಳು.

ಹಾಜರಿ, ಇವತ್ತು: ನಾಲ್ಕು.
ಹೀಟರಿನ ಪಕ್ಕದ ಮುದುಕ
ಪೆನ್ಸಿಲು ಕೇಳಿದ.